ಉಡುಪಿಯ ಉಚಿತ ಕಾನೂನು ನೆರವು: ಇಬ್ಬರು ಧಣಿಗಳ ಮಧ್ಯೆ ಸಿಕ್ಕಿಬಿದ್ದ ಬಾಡಿಗೆಯವಳ ರಿವ್ಯೂ

ಕಳೆದ ಜುಲೈಯಲ್ಲಿ ಒಂದೇ ವಾರದೊಳಗೆ ನನಗೆ ಎರಡು ವಕೀಲರ ನೋಟಿಸು ಬಂತು. ಒಂದರಲ್ಲಿ, 15 ದಿನದೊಳಗೆ ಮನೆ ಖಾಲಿ ಮಾಡಿ, ಮನೆ ನನ್ನದು ಅಂತ ಇತ್ತು. ಇನ್ನೊಂದರಲ್ಲಿ, ಮನೆ ನಮ್ಮ ಕುಟುಂಬದ್ದು, ಇನ್ನು ಮೇಲೆ ಬಾಡಿಗೆ ನನಗೇ ಕೊಡಬೇಕು, ಬೇರೆಯವರಿಗೆ ಕೊಟ್ಟರೆ ನೀವೇ ಜವಾಬ್ದಾರರು ಅಂತ ಇತ್ತು. ಎರಡೂ ಕಾಗದ ಹಿಡಿದುಕೊಂಡು ನಾನು ಹೊಲಿಗೆ ಮೆಷಿನ್ ಮುಂದೆ ಸುಮ್ನೆ ಕೂತುಬಿಟ್ಟೆ. ಅವತ್ತು ಒಂದು ಬ್ಲೌಸೂ ಮುಗಿಯಲಿಲ್ಲ.

ಆ ಸಂಕಟದಿಂದ ನನ್ನನ್ನು ಹೊರಗೆ ತಂದದ್ದು ಉಡುಪಿ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಹೋಟೆಲಿಗೆ, ಮೊಬೈಲ್ ಅಂಗಡಿಗೆ ರಿವ್ಯೂ ಬರೆಯುವವರು ತುಂಬಾ ಜನ ಇದ್ದಾರೆ. ಇಂಥದ್ದೊಂದು ಸೇವೆ ನಮ್ಮೂರಲ್ಲೇ ಇದೆ, ದುಡ್ಡು ತೆಗೆದುಕೊಳ್ಳುವುದಿಲ್ಲ ಅಂತ ಬರೆಯುವವರನ್ನು ನಾನು ನೋಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನಿದ್ದದ್ದು ಹಳೆಯ ಹೆಂಚಿನ ಮನೆಯ ಅರ್ಧ ಭಾಗದಲ್ಲಿ. ಉಳಿದ ಅರ್ಧದಲ್ಲಿ ಮನೆಯ ಧಣಿಗಳು ಒಬ್ಬರೇ ಇದ್ದರು. ವಯಸ್ಸಾದವರು, ನಾವೆಲ್ಲ ಅಜ್ಜ ಅಂತಲೇ ಕರೆಯುತ್ತಿದ್ದೆವು. ತಿಂಗಳಿಗೆ 8,500 ಬಾಡಿಗೆ, 50,000 ಅಡ್ವಾನ್ಸ್. ನಾಲ್ಕು ವರ್ಷದ ಹಿಂದೆ ಸೇರುವಾಗ 11 ತಿಂಗಳ ಕರಾರು ಮಾಡಿಕೊಂಡದ್ದು, ಆಮೇಲೆ ಅದನ್ನು ಯಾರೂ ಹೊಸದು ಮಾಡಲಿಲ್ಲ. ಮಾಡಬೇಕು ಅಂತ ಅನಿಸಲೂ ಇಲ್ಲ, ಅಜ್ಜ ಅಷ್ಟು ಒಳ್ಳೆಯವರು. ಪ್ರತಿ ತಿಂಗಳು 5ನೇ ತಾರೀಕು ನಾನು ದುಡ್ಡು ಕೊಟ್ಟರೆ, ಸೊಸೈಟಿಯವರು ಹೊಸ ವರ್ಷಕ್ಕೆ ಕೊಡುವ ಪುಟ್ಟ ಡೈರಿಯಲ್ಲಿ ನೀಲಿ ಶಾಯಿಯಲ್ಲಿ "ಬಾಡಿಗೆ ಬಂತು" ಅಂತ ಬರೆದು, ಕೆಳಗೆ ಸಹಿ ಹಾಕಿ, ಡೈರಿಯನ್ನು ನನ್ನ ಕೈಗೇ ಕೊಡುತ್ತಿದ್ದರು. "ನೀನೇ ಇಟ್ಕೋ ಮಗಾ, ನನಗೆ ಮರೆತು ಹೋಗ್ತದೆ" ಅನ್ನುತ್ತಿದ್ದರು. ಆ ಡೈರಿ ಮುಂದೆ ನನ್ನನ್ನು ಉಳಿಸಿತು.

ಜೂನ್ ಕೊನೆಗೆ ಅಜ್ಜ ತೀರಿಕೊಂಡರು. ಹದಿಮೂರನೇ ದಿನದ ಊಟ ಮುಗಿಯುವ ಮೊದಲೇ ಚಾವಡಿಯಲ್ಲಿ ಗಲಾಟೆ ಶುರುವಾಗಿತ್ತು. ಒಂದು ಕಡೆ ಮುಂಬೈಯಲ್ಲಿರುವ ಮಗ. ಇನ್ನೊಂದು ಕಡೆ ಅಜ್ಜನ ತಂಗಿಯ ಮಗ, ಅಂದರೆ ಅಳಿಯ. ಅಪ್ಪನ ಸ್ವಂತ ಆಸ್ತಿ, ನನಗೆ ಬರಬೇಕು, ಮಾರುತ್ತೇನೆ ಅಂತ ಮಗ. ಇದು ಅಳಿಯಕಟ್ಟಿನ ಕುಟುಂಬದ ಆಸ್ತಿ, ಮಾವ ಬರೀ ಯಜಮಾನರಾಗಿ ನೋಡಿಕೊಳ್ಳುತ್ತಿದ್ದರು, ಹಳೆಯ ಪಾಲುಪಟ್ಟಿ ಇದೆ ಅಂತ ಅಳಿಯ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಹೊರಗಿನವರಿಗಾಗಿ ಹೇಳುತ್ತೇನೆ. ಕರಾವಳಿಯ ಕೆಲವು ಸಮುದಾಯಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ ಇತ್ತು, ಅದೇ ಅಳಿಯಕಟ್ಟು ಅಥವಾ ಅಳಿಯಸಂತಾನ. ನಾವು ಮದ್ರಾಸಿಗೆ ಸೇರಿದ್ದಾಗ 1949ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಬಂತು, ಕುಟುಂಬದ ಆಸ್ತಿಯಲ್ಲಿ ಪಾಲು ಕೇಳಲು ಅದರಲ್ಲಿ ದಾರಿ ಆಯಿತು. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು, ತೀರಿಕೊಂಡವರ ಪಾಲು ಆ ಕಾಯ್ದೆಯ ಪ್ರಕಾರ ಅವರ ವಾರಸುದಾರರಿಗೆ ಹೋಗಬೇಕು ಅಂತ ಆಯಿತು. ಹಾಗಾಗಿ ಮನೆ ಅಜ್ಜನ ಸ್ವಂತದ್ದೋ ಕುಟುಂಬದ್ದೋ, ಕುಟುಂಬದ್ದಾದರೆ ಅಜ್ಜನ ಪಾಲು ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅವರಿಬ್ಬರ ಮಧ್ಯೆ ಆ ಪಾಲಿನ ಕೇಸು ಈಗಲೂ ಕೋರ್ಟಿನಲ್ಲಿ ನಡೆಯುತ್ತಿದೆ. ಇಬ್ಬರಲ್ಲಿ ಯಾರು ಸರಿ ಅಂತ ನಾನು ಹೇಳುವುದಿಲ್ಲ, ಅದು ನನ್ನ ಕೆಲಸವೂ ಅಲ್ಲ.

ನನ್ನ ತೊಂದರೆ ಬೇರೆ. ಮಕ್ಕಳಿಬ್ಬರು ಶಾಲೆಗೆ ಹೋಗುತ್ತಾರೆ, ಚಿಕ್ಕವಳು ಏಳನೇ ಕ್ಲಾಸು. ಗಿರಾಕಿಗಳೆಲ್ಲ ಆ ಓಣಿಯವರೇ. ಮಳೆಗಾಲದ ಮಧ್ಯೆ ಮನೆ ಎಲ್ಲಿ ಹುಡುಕುವುದು? ಬಿಟ್ಟು ಹೋದರೆ ನನ್ನ 50,000 ಯಾರು ಕೊಡುತ್ತಾರೆ? ಮಗನನ್ನು ಕೇಳಿದರೆ "ಅಪ್ಪ ತಗೊಂಡದ್ದು ನನಗೆ ಗೊತ್ತಿಲ್ಲ" ಅಂದರು. ಅಳಿಯನನ್ನು ಕೇಳಿದರೆ "ನೋಡಿ ಅಕ್ಕ, ದುಡ್ಡು ಮಾವನ ಕೈಗೆ ಹೋಗಿದೆ, ಮಗನ ಹತ್ತಿರ ಕೇಳಿ" ಅಂದರು. ಮನೆ ಬೇಕು ಅನ್ನುವವರು ಇಬ್ಬರು, ಅಡ್ವಾನ್ಸ್ ಕೊಡುವವರು ಒಬ್ಬರೂ ಇಲ್ಲ.

ಮೊದಲು ನಾನು ಪರಿಚಯದವರು ಹೇಳಿದ ಒಂದು ಖಾಸಗಿ ವಕೀಲರ ಆಫೀಸಿಗೆ ಹೋದೆ. ಹೆಸರು ಹೇಳುವುದಿಲ್ಲ. 5,000 ಕೊಟ್ಟೆ. ಹತ್ತು ನಿಮಿಷ ಕೇಳಿ ಅವರು ಹೇಳಿದ್ದು ಇಷ್ಟೇ: "ಧಣಿ ಯಾರು ಅಂತಲೇ ಗೊತ್ತಿಲ್ಲ ಅಂತ ಹೇಳಿ. ಬಾಡಿಗೆ ನಿಲ್ಲಿಸಿ. ಅವರಿಬ್ಬರ ಜಗಳ ಮುಗಿಯುವ ತನಕ ನಿಮ್ಮನ್ನು ಯಾರೂ ಎಬ್ಬಿಸಲಿಕ್ಕೆ ಆಗುವುದಿಲ್ಲ." ಕೇಳಲು ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಅಜ್ಜನ ಮನೆಯಲ್ಲಿ ದುಡ್ಡು ಕೊಡದೆ ಕೂರುವುದು ನನಗೆ ಆಗುವ ಕೆಲಸ ಅಲ್ಲ.

ಅದೇ ವಾರ ಪಂಪ್ ಶೆಡ್ಡಿಗೆ ಬೀಗ ಬಿತ್ತು. ಹಿತ್ತಾಳೆಯ ಹೊಸ ಬೀಗ, ಇನ್ನೂ ಎಣ್ಣೆಯ ಜಿಡ್ಡು ಹೋಗಿರಲಿಲ್ಲ. ಹಾಕಿದ್ದು ತಾನು ಅಂತ ಇವತ್ತಿಗೂ ಮಗನೂ ಒಪ್ಪಿಲ್ಲ, ಅಳಿಯನೂ ಒಪ್ಪಿಲ್ಲ. ತುಳುವರ ಆಟಿ ತಿಂಗಳು, ಜೋರು ಮಳೆಗಾಲ, ಬಾವಿಯಲ್ಲಿ ಬಗ್ಗಿದರೆ ಕೈಗೆ ಸಿಗುವಷ್ಟು ನೀರು, ಮನೆಯ ನಲ್ಲಿಯಲ್ಲಿ ಒಂದು ಹನಿ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ಮಳೆಯಲ್ಲಿ ನೆನೆಯುತ್ತಾ ಹತ್ತು ಹನ್ನೆರಡು ಕೊಡಪಾನ ಸೇದಿ ತುಂಬಿಸಿ, ಆಮೇಲೆ ಮಕ್ಕಳ ಬುತ್ತಿ ಕಟ್ಟಿ, ಆಮೇಲೆ ಮೆಷಿನ್ ಮುಂದೆ ಕೂರಬೇಕು. ಅಜ್ಜನ ಕಾಲದ ರಾಟೆ ಕಿರ್ ಅನ್ನುವ ಶಬ್ದ ಈಗಲೂ ಕಿವಿಯಲ್ಲಿದೆ. ಪೊಲೀಸ್ ಠಾಣೆಗೂ ಹೋಗಿ ಬಂದೆ. ಇದು ಸಿವಿಲ್ ವಿಷಯ ಅಂದರು.

ಕಾನೂನು ನೆರವಿನ ವಿಷಯ ಹೇಳಿದ್ದು ನಮ್ಮ ಸ್ವಸಹಾಯ ಸಂಘದ ಒಬ್ಬರು. 15100ಕ್ಕೆ ಫೋನ್ ಮಾಡಿ, ಇಲ್ಲದಿದ್ದರೆ ಸೀದಾ ಕೋರ್ಟಿಗೆ ಹೋಗಿ ಕಾನೂನು ಸೇವಾ ಪ್ರಾಧಿಕಾರ ಎಲ್ಲಿ ಅಂತ ಕೇಳಿ ಅಂದರು. ನಾನು ಸೀದಾ ಹೋದೆ. ನನ್ನ ಮೊದಲ ಪ್ರಶ್ನೆಯೇ ಆದಾಯ ಪ್ರಮಾಣಪತ್ರ ಬೇಕಾ ಅಂತ. ಬೇಡ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಅಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲೇ ಅದಿದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಇವರಿಗೆಲ್ಲ ಆದಾಯದ ಮಿತಿ ನೋಡುವುದಿಲ್ಲ. ಉಳಿದವರಿಗೆ ಮಾತ್ರ ಮಿತಿ. ನನ್ನಂಥ ಎಷ್ಟು ಜನ ಹೆಂಗಸರಿಗೆ ಇದು ಗೊತ್ತಿದೆ ಹೇಳಿ?

ಅರ್ಜಿ ಬರೆದು ಕಾಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಒಬ್ಬರು ಹಿರಿಯರು ಪ್ಲಾಸ್ಟಿಕ್ ಕವರಿನಲ್ಲಿ ಹಳದಿಯಾದ ಕಾಗದ ಇಟ್ಟುಕೊಂಡು ಕೂತಿದ್ದರು. ಅವರದ್ದು ಮೂಲಗೇಣಿ ಜಾಗ. ಮನೆ ಇವರ ಅಜ್ಜ ಕಟ್ಟಿಸಿದ್ದು, ಜಾಗದ ಮೂಲ ಒಡೆಯರು ಬೇರೆ, ತಲೆಮಾರಿನಿಂದ ವರ್ಷಕ್ಕೆ ಇಷ್ಟು ಅಂತ ಗೇಣಿ ಕೊಟ್ಟುಕೊಂಡು ಬಂದದ್ದು. ಮಂಗಳೂರು, ಉಡುಪಿ ಪೇಟೆಯಲ್ಲಿ ಇಂಥ ಜಾಗ ಬೇಕಾದಷ್ಟು ಇವೆ. ಇವರಿಗೆ ಮಾಲೀಕತ್ವ ಕೊಡಲಿಕ್ಕೆ 2011ರಲ್ಲಿ ಒಂದು ಕಾಯ್ದೆಯನ್ನೇ ಮಾಡಿದ್ದಾರೆ. ನಮ್ಮೂರಲ್ಲಿ "ಈ ಮನೆ ಯಾರದ್ದು" ಅನ್ನುವ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಸಿಗುವುದು ಕಷ್ಟ ಅಂತ ಅವತ್ತು ನನಗೆ ಅರ್ಥವಾಯಿತು. ಒಬ್ಬಳೇ ಸಿಕ್ಕಿಬಿದ್ದಿದ್ದೇನೆ ಅನ್ನುವ ಭಾವನೆ ಸ್ವಲ್ಪ ಕಡಿಮೆ ಆಯಿತು.

ನನಗೆ ಕೊಟ್ಟ ವಕೀಲರು ಚಿಕ್ಕ ವಯಸ್ಸಿನ ಹೆಂಗಸು. ಎರಡೂ ನೋಟಿಸು ಓದಿದರು. ಡೈರಿಯ ನಾಲ್ಕು ವರ್ಷದ ಪುಟಗಳನ್ನು ಒಂದೊಂದಾಗಿ ತಿರುವಿದರು, ಮಧ್ಯೆ ಮಾತಾಡಲಿಲ್ಲ. ಒಂದು ಪುಟದಲ್ಲಿ ನೀರು ಬಿದ್ದು ಶಾಯಿ ಹರಡಿತ್ತು, ಅದನ್ನು ಬೆಳಕಿಗೆ ಹಿಡಿದು ಸಹಿ ಕಾಣುತ್ತದಾ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಅಜ್ಜ ಹೋದ ಮೇಲೆ ಇಬ್ಬರಲ್ಲಿ ಯಾರಿಗಾದರೂ ಬಾಡಿಗೆ ಕೊಟ್ಟಿದ್ದೀರಾ?" ಇಲ್ಲ ಅಂದೆ. "ಒಳ್ಳೆಯದಾಯಿತು ಅಕ್ಕ" ಅಂದರು.

ಯಾಕೆ ಅಂತ ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಬರೆಯುತ್ತೇನೆ, ಬಾಡಿಗೆ ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಇದು ಬೇಕು. ಯಾರಿಂದ ಮನೆ ಪಡೆದಿದ್ದೇವೋ ಅವರು ಆಗ ಮನೆಯ ಒಡೆಯರೇ ಆಗಿರಲಿಲ್ಲ ಅಂತ ಬಾಡಿಗೆಯವರು ಕೋರ್ಟಿನಲ್ಲಿ ಹೇಳುವ ಹಾಗಿಲ್ಲ. ಹಿಂದಿನ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು 116ನೇ ಕಲಮು, 2024ರ ಜುಲೈ 1ರಿಂದ ಬಂದಿರುವ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 122. ಹಾಗಾಗಿ ಅಜ್ಜನಿಗೆ ಹಕ್ಕೇ ಇರಲಿಲ್ಲ ಅಂತ ನಾನು ಹೇಳುವಂತಿಲ್ಲ. ಆದರೆ ಅಜ್ಜನ ಹಕ್ಕು ಈಗ ಯಾರಿಗೆ ಬಂದಿದೆ, ದಾಖಲೆ ತೋರಿಸಿ ಅಂತ ಕೇಳಬಹುದು. ಇವರೇ ಧಣಿ ಅಂತ ಒಪ್ಪಿ ಒಬ್ಬರಿಗೆ ಬಾಡಿಗೆ ಕೊಡಲು ಶುರು ಮಾಡಿದರೆ, ಆಮೇಲೆ ನೀವು ಧಣಿ ಅಲ್ಲ ಅನ್ನುವುದು ಬಹಳ ಕಷ್ಟ. ನಾನು ಹೆದರಿ ಮಗನಿಗೋ ಅಳಿಯನಿಗೋ ಒಂದು ತಿಂಗಳ ದುಡ್ಡು ಕೊಟ್ಟುಬಿಟ್ಟಿದ್ದರೆ ಅವರ ಜಗಳದಲ್ಲಿ ನಾನೇ ಒಂದು ಪಕ್ಷ ಸೇರಿದ ಹಾಗೆ ಆಗುತ್ತಿತ್ತು.

ಮೊದಲಿನ ವಕೀಲರು ಹೇಳಿದ್ದನ್ನೂ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಬಾಡಿಗೆ ಬಾಕಿ ಇಟ್ಟರೆ, ಧಣಿಯ ಹಕ್ಕನ್ನೇ ಅಲ್ಲಗಳೆದರೆ, ಒಕ್ಕಲೆಬ್ಬಿಸಲು ನಾವೇ ಅವರ ಕೈಗೆ ಕಾರಣ ಕೊಟ್ಟ ಹಾಗೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಕಲಮಿನಲ್ಲಿ ಹಾಗೆ ಅಲ್ಲಗಳೆದವರ ಬಾಡಿಗೆ ಹಕ್ಕೇ ರದ್ದಾಗಲು ದಾರಿ ಇದೆಯಂತೆ. 5,000 ಕೊಟ್ಟು ನಾನು ಖರೀದಿಸಿದ್ದು ಇದನ್ನು!

15 ದಿನದ ನೋಟಿಸಿನ ವಿಷಯಕ್ಕೆ ಬಂದರೆ, ತಿಂಗಳ ಬಾಡಿಗೆಯ ಮನೆಗೆ ಅಷ್ಟು ದಿನದ ನೋಟಿಸು ಸಾಕು, ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮು. ಆದರೆ ನೋಟಿಸಿನ ಗಡುವು ಮುಗಿದ ಕೂಡಲೇ ಬಂದು ಪಾತ್ರೆ ಹೊರಗೆ ಹಾಕುವಂತಿಲ್ಲ. ಕೋರ್ಟಿನ ಆದೇಶ ಬೇಕೇ ಬೇಕು. ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ಕೇಸು ಹಾಕಿ ಮನೆಯ ಸ್ವಾಧೀನ ವಾಪಸು ಪಡೆಯಬಹುದು, ಆಗ ಆಸ್ತಿ ಯಾರದ್ದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು. ಇದನ್ನು ಕೇಳಿದ ರಾತ್ರಿ ನಾನು ತಿಂಗಳ ಮೇಲೆ ಮೊದಲ ಸಲ ನೆಮ್ಮದಿಯಿಂದ ಮಲಗಿದೆ.

ಕರ್ನಾಟಕ ಬಾಡಿಗೆ ಕಾಯ್ದೆ 1999 ನಮಗೆ ರಕ್ಷಣೆ ಕೊಡುವುದಿಲ್ಲವಾ ಅಂತಲೂ ಕೇಳಿದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000ಕ್ಕಿಂತ ಜಾಸ್ತಿ ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ ಅಂದರು. ಈಗ ಉಡುಪಿಯಲ್ಲಿ ಆ ದುಡ್ಡಿಗೆ ಒಂದು ರೂಮೂ ಸಿಗುವುದಿಲ್ಲ, ಅಲ್ವಾ? ಹಾಗಾಗಿ ಆ ಬಾಗಿಲು ಮುಚ್ಚಿತು.

ಅವರು ಮಾಡಿದ ಕೆಲಸ ಹೀಗೆ. ಇಬ್ಬರಿಗೂ ಒಂದೇ ರೀತಿಯ ಕಾಗದ, ಪೋಸ್ಟಿನಲ್ಲಿ, ತಲುಪಿದ್ದಕ್ಕೆ ಸಹಿ ಬರುವ ಹಾಗೆ. ಬಾಡಿಗೆ ಸಿದ್ಧ ಇದೆ, ವಾರಸಿನ ದಾಖಲೆ ಕೊಡಿ ಅಥವಾ ಇಬ್ಬರೂ ಸೇರಿ ರಸೀದಿ ಕೊಡಿ, ಅಲ್ಲಿಯ ತನಕ ಪ್ರತಿ ತಿಂಗಳ ದುಡ್ಡನ್ನು ಬೇರೆ ಖಾತೆಯಲ್ಲಿ ಇಡುತ್ತೇನೆ, ಪಂಪಿನ ಬೀಗ ತೆಗೆಯಿರಿ. ನಾನು ಹೊಸ ಉಳಿತಾಯ ಖಾತೆ ತೆರೆದು 5ನೇ ತಾರೀಕು ತಪ್ಪದೆ 8,500 ಹಾಕುತ್ತಾ ಬಂದೆ. ಕಾಗದ ತಲುಪಿದ ನಾಲ್ಕನೇ ದಿನ ಬೆಳಗ್ಗೆ ನೋಡಿದರೆ ಪಂಪ್ ಶೆಡ್ಡಿನ ಬೀಗ ಇರಲಿಲ್ಲ. ಚಿಲಕ ಮಾತ್ರ ನೇತಾಡುತ್ತಿತ್ತು. ಸ್ವಿಚ್ ಹಾಕಿದೆ, ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು.

ಕೋರ್ಟಿಗೆ ಹೋಗುವುದಾದರೆ ಇಬ್ಬರನ್ನೂ ಎದುರಾಳಿ ಮಾಡಿ, ದುಡ್ಡನ್ನು ಕೋರ್ಟಿನಲ್ಲಿ ಕಟ್ಟಿ, ಇದು ಯಾರಿಗೆ ಸೇರಬೇಕು ನೀವೇ ಹೇಳಿ ಅನ್ನುವ ಒಂದು ಬಗೆಯ ದಾವೆಯೂ ಇದೆಯಂತೆ, ಇಂಟರ್‌ಪ್ಲೀಡರ್ ಅಂತ. ಬಾಡಿಗೆಯವರು ಅದನ್ನು ಹಾಕುವುದಕ್ಕೆ ಒಂದು ಕಟ್ಟು ಇದೆ. ಹಕ್ಕು ಕೇಳುವ ಇನ್ನೊಬ್ಬರೂ ನಮ್ಮ ಧಣಿಯ ಮೂಲಕವೇ ಹಕ್ಕು ಕೇಳುತ್ತಿರಬೇಕು. ಇಲ್ಲಿ ಅಳಿಯನ ವಾದ ಅಜ್ಜನ ಮೂಲಕ ಬಂದ ಹಕ್ಕು ಅಂತ ಅಲ್ಲ, ಅಜ್ಜನದ್ದೇ ಅಲ್ಲ ಅಂತ. ಹಾಗಾಗಿ ಅದು ಸಿಕ್ಕಿಹಾಕಿಕೊಳ್ಳಬಹುದು, ಮೊದಲು ಮಾತುಕತೆಗೆ ಕರೆಯೋಣ ಅಂದರು.

ಪ್ರಾಧಿಕಾರದಿಂದಲೇ ಇಬ್ಬರಿಗೂ ಕರೆ ಹೋಯಿತು. ಕೇಸು ದಾಖಲಾಗುವ ಮೊದಲೇ ರಾಜಿಗೆ ಕೂರಿಸುವ ವ್ಯವಸ್ಥೆ ಇದು. ಮೊದಲ ದಿನ ಅಳಿಯ ಮಾತ್ರ ಬಂದರು. ಎರಡನೇ ಸಲ ಮಗನೂ ಬಂದರು, ಬಂದವರೇ ಮನೆ ತೆರಿಗೆಯ ರಸೀದಿ ಮೇಜಿನ ಮೇಲಿಟ್ಟರು, ಇದಕ್ಕಿಂತ ಬೇಕಾ ಅಂತ. ಅಳಿಯ ಪಾಲುಪಟ್ಟಿಯ ಜೆರಾಕ್ಸ್ ತೆಗೆದರು. ತೆರಿಗೆ ಕಟ್ಟಿದ ರಸೀದಿ, ಖಾತೆಯಲ್ಲಿರುವ ಹೆಸರು, ಇವು ತೆರಿಗೆ ವಸೂಲಿಗಾಗಿ ಇರುವುದು, ಅವುಗಳಿಂದ ಮಾಲೀಕತ್ವ ಬರುವುದಿಲ್ಲ ಅಂತ ಅಲ್ಲಿದ್ದ ಸಂಧಾನಕಾರರು ಶಾಂತವಾಗಿ ಹೇಳಿದರು. ಮನೆ ಯಾರದ್ದು ಅಂತ ಇಲ್ಲಿ ತೀರ್ಮಾನ ಮಾಡುವುದಿಲ್ಲ, ಅದಕ್ಕೆ ನಿಮ್ಮ ಪಾಲು ದಾವೆ ಇದೆ, ಇವತ್ತು ಈ ಅಮ್ಮನ ವಿಷಯ ಮಾತ್ರ ಮಾತಾಡುವ ಅಂದರು. ಈ ಒಂದು ಮಾತು ನನಗೆ ಎಲ್ಲಕ್ಕಿಂತ ದೊಡ್ಡದು. ಅಲ್ಲಿಯ ತನಕ ಎಲ್ಲರೂ ಮನೆಯ ಬಗ್ಗೆ ಮಾತಾಡುತ್ತಿದ್ದರು, ಮನೆಯೊಳಗೆ ಇರುವವರ ಬಗ್ಗೆ ಯಾರೂ ಕೇಳಿರಲಿಲ್ಲ.

ಮೂರನೇ ಸಲ, ಅಕ್ಟೋಬರ್ ಮೊದಲ ವಾರ, ಒಪ್ಪಂದ ಆಯಿತು. ಮಕ್ಕಳ ಪರೀಕ್ಷೆ ಮುಗಿದು ಏಪ್ರಿಲ್ ಕೊನೆಗೆ ನಾನು ಖಾಲಿ ಮಾಡಬೇಕು. ಲೆಕ್ಕ ಹೀಗೆ: ಜುಲೈಯಿಂದ ಏಪ್ರಿಲ್ ತನಕ ಹತ್ತು ತಿಂಗಳು, 85,000. ಅದರಲ್ಲಿ ನನ್ನ ಅಡ್ವಾನ್ಸ್ 50,000 ಕಳೆಯುವುದು. ಉಳಿದ 35,000 ಇಬ್ಬರ ಹೆಸರಿನ ಜಂಟಿ ಖಾತೆಗೆ, ಪಾಲು ದಾವೆಯಲ್ಲಿ ಯಾರಿಗೆ ಹಕ್ಕು ಸಿಗುತ್ತದೋ ಅವರು ತೆಗೆದುಕೊಳ್ಳಬೇಕು. ಬೇರೆ ಖಾತೆಯಲ್ಲಿ ಇಟ್ಟಿದ್ದ ಮೂರು ತಿಂಗಳ 25,500 ಮತ್ತು ಅಕ್ಟೋಬರಿನ 8,500 ಕೂಡಲೇ ಹಾಕಿದೆ. ನವೆಂಬರಿನಲ್ಲಿ ಬರೀ 1,000. ಅಲ್ಲಿಗೆ ಮುಗಿಯಿತು. ಅಡ್ವಾನ್ಸ್ ಯಾರು ಕೊಡುತ್ತಾರೆ ಅಂತ ಯಾರ ಬಾಗಿಲೂ ತಟ್ಟುವ ಕೆಲಸ ಉಳಿಯಲಿಲ್ಲ. ಇದನ್ನು ಲೋಕ ಅದಾಲತ್‌ನಲ್ಲಿ ದಾಖಲು ಮಾಡಿದರು. ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಅಂದರೆ ಏಪ್ರಿಲಿಗೆ ನಾನು ಬಿಡದಿದ್ದರೆ ಅವರು ಅದನ್ನು ಹಿಡಿದು ಬಿಡಿಸಬಹುದು, ಅದಕ್ಕೂ ಮೊದಲು ಎಬ್ಬಿಸಲು ಬಂದರೆ ನಾನು ಅದನ್ನೇ ತೋರಿಸಬಹುದು. ನನಗೆ ಖರ್ಚಾದದ್ದು ಬಸ್ಸಿನ ದುಡ್ಡು, ಜೆರಾಕ್ಸ್ ದುಡ್ಡು.

ಹೋಗುವವರಿಗೆ ಒಂದೆರಡು ಮಾತು. ಕೆಲಸದ ದಿನ ಹಗಲಿನಲ್ಲೇ ಹೋಗಬೇಕು, ಒಂದೇ ದಿನದಲ್ಲಿ ಮುಗಿಯುವುದಿಲ್ಲ. ನನಗೆ ಐದಾರು ದಿನದ ಹೊಲಿಗೆ ನಿಂತಿತು. ಎದುರಿನವರು ರಾಜಿಗೆ ಒಪ್ಪಲೇ ಇಲ್ಲ ಅಂದರೆ ಇವರು ಒತ್ತಾಯ ಮಾಡಲು ಬರುವುದಿಲ್ಲ, ಆಗ ಕೋರ್ಟೇ ಗತಿ, ಅಲ್ಲಿಗೂ ವಕೀಲರನ್ನು ಇವರೇ ಕೊಡುತ್ತಾರೆ. ಹೋಗುವಾಗ ಬಾಡಿಗೆ ಕೊಟ್ಟದ್ದಕ್ಕೆ ಏನೆಲ್ಲ ಗುರುತು ಇದೆಯೋ ಎಲ್ಲ ತೆಗೆದುಕೊಂಡು ಹೋಗಿ. ಕರಾರು, ರಸೀದಿ, ಬ್ಯಾಂಕ್ ಪಾಸ್‌ಬುಕ್, ಕರೆಂಟ್ ಬಿಲ್, ಗ್ಯಾಸ್ ಪುಸ್ತಕ. ಬಾಯಿಮಾತು ಬಿಟ್ಟರೆ ನನ್ನ ಹತ್ತಿರ ಏನೂ ಇರದಿದ್ದರೆ ಏನಾಗುತ್ತಿತ್ತೋ ನೆನೆಸಿದರೆ ಹೆದರಿಕೆಯಾಗುತ್ತದೆ. 5ಕ್ಕೆ 5 ಕೊಡುತ್ತೇನೆ, ಮನಸ್ಸಿಟ್ಟು ಕೊಡುತ್ತೇನೆ.

ಏಪ್ರಿಲ್ 28ಕ್ಕೆ ಮನೆ ಬಿಟ್ಟೆ. ಬೀಗದ ಕೈಯನ್ನು ಇಬ್ಬರ ಎದುರಿನಲ್ಲೇ ಕೊಟ್ಟು, ಇಬ್ಬರಿಂದಲೂ ಸಹಿ ತೆಗೆದುಕೊಂಡೆ. ಈಗ ಸಂತೆಕಟ್ಟೆಯ ಹತ್ತಿರ ಇದ್ದೇನೆ. ಈ ಸಲ ಮನೆ ನೋಡಲು ಹೋದಾಗ ನೀರು, ಪಾರ್ಕಿಂಗ್ ಕೇಳುವ ಮೊದಲು ಋಣಭಾರ ಪತ್ರ ಕೇಳಿದೆ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆನ್‌ಲೈನಿನಲ್ಲೇ ತೆಗೆಯಲು ಆಗುತ್ತದೆ. ಅದರಲ್ಲಿ ನೋಂದಣಿ ಆದ ವ್ಯವಹಾರ ಮಾತ್ರ ಕಾಣುವುದು, ಮನೆಯೊಳಗೆ ಬರೆದಿಟ್ಟ ಪಾಲುಪಟ್ಟಿ ಕಾಣುವುದಿಲ್ಲ. ಅದಕ್ಕೇ ಕರಾರಿನಲ್ಲಿ ಇನ್ನೊಂದು ಸಾಲು ಸೇರಿಸಬೇಕು ಅಂತ ಕೇಳಿಕೊಂಡೆ: ಧಣಿಗಳಿಗೆ ಏನಾದರೂ ಆದರೆ ಬಾಡಿಗೆ ಯಾರಿಗೆ ಕೊಡಬೇಕು, ಅಡ್ವಾನ್ಸ್ ಯಾರು ವಾಪಸು ಕೊಡಬೇಕು. ಕೇಳುವಾಗ ನನ್ನ ಗಂಟಲು ಕಟ್ಟಿತ್ತು. ಅರುವತ್ತು ದಾಟಿದ ಟೀಚರಮ್ಮ ಅವರು, ಅವರ ಸಾವಿನ ಮಾತನ್ನು ಅವರ ಜಗಲಿಯಲ್ಲೇ ಕೂತು ಆಡಬೇಕಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ನೋಡಿ ಮಗಳನ್ನು ಕರೆದರು. "ಇವಳ ಹೆಸರು ಬರೀರಿ. ಆಧಾರಿನಲ್ಲಿ ಇದ್ದ ಹಾಗೇ ಬರೀರಿ, ಮತ್ತೆ ತಪ್ಪಾಗುವುದು ಬೇಡ" ಅಂದರು.